ಕೈಬರಹದ ಕನ್ನಡ ಫಾಂಟ್: ವರ್ಣಮಾಲೆ ಬರೆಸಿದರೆ ಸಾಲದು

ಓದುಗರ ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೆಲ್ಲವನ್ನು ನಾವೇ ಪ್ಯಾಕ್ ಮಾಡಿ ಮಾರುತ್ತೇವೆ. ಅತ್ತಿಗೆಯ ಕೈಬರಹ ಚೆನ್ನಾಗಿದೆ, ಅದನ್ನೇ ಫಾಂಟ್ ಮಾಡಿ ಲೇಬಲ್, ಅಂಗಡಿ ಬೋರ್ಡು, ಮನೆಯ ಮದುವೆ ಕಾರ್ಡಿಗೆ ಬಳಸುವ ಆಸೆ. ಅ ಇಂದ ಳ ತನಕ ಬರೆಸಿ, ಸ್ಕ್ಯಾನ್ ಮಾಡಿ, ಆನ್‌ಲೈನ್ ಟೂಲ್ ಒಂದಕ್ಕೆ ಹಾಕಿದೆವು. ಒತ್ತಕ್ಷರ ಬರಲಿಲ್ಲ, ಕಾಗುಣಿತ ಕೂಡಲಿಲ್ಲ, ಬಂದಷ್ಟೂ ಮೆಷಿನ್ ಬರೆದಂತಿದೆ. ಮೈಸೂರಿನ ಪ್ರೆಸ್ಸಿಗೆ ಫೈಲ್ ಕೊಟ್ಟಾಗ ಅಲ್ಲಿ ಇನ್ನೂ ಒಡೆಯಿತು. ಒಟ್ಟು ಎಷ್ಟು ಬರೆಯಬೇಕು, ಹೇಗೆ ಮಾಡಬೇಕು, ಎಲ್ಲೆಲ್ಲಿ ಬಳಸಬಹುದು?

ಉತ್ತರ: ಅರ್ಧ ಕೆಡಿಸಿದ್ದು ಟೂಲ್, ಇನ್ನರ್ಧ ನೀವು ಬರೆಸಿದ ಪಟ್ಟಿ. ಆ ಬಗೆಯ ಟೂಲುಗಳು ಬಹುಪಾಲು ಇಂಗ್ಲಿಷಿನ ಲೆಕ್ಕದಲ್ಲಿ ಕಟ್ಟಿದವು: ಒಂದು ಚೌಕಕ್ಕೆ ಒಂದು ಅಕ್ಷರ, ಒಂದು ಕೀಲಿಗೆ ಒಂದು ಚಿತ್ರ. ನಿಮ್ಮ ಅತ್ತಿಗೆ ‘ಕಿ’ ಬರೆಯುವಾಗ ‘ಕ’ ಬರೆದು ಅದರ ಪಕ್ಕ ಗುಡಿಸು ಇಡುವುದಿಲ್ಲ. ತಲೆಕಟ್ಟನ್ನೇ ಬಿಟ್ಟು ಆ ಜಾಗದಲ್ಲಿ ಗುಡಿಸು ಸುತ್ತುತ್ತಾರೆ. ‘ಕೆ’ಗೂ ‘ಕ್’ಗೂ ಹಾಗೆಯೇ. ಬಿಡಿ ‘ಕ’ದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಇವನ್ನು ಹುಟ್ಟಿಸಲು ಬರುವುದಿಲ್ಲ.

ಇಂಗ್ಲಿಷಿನ ಕೈಬರಹದ ಟೈಪುಗಳಲ್ಲಿ ಎರಡು ಸಂತಾನ. 1953ರಲ್ಲಿ ರೋಜರ್ ಎಕ್ಸ್‌ಕೊಫಾನ್ ಮಾಡಿದ ಮಿಸ್ಟ್ರಲ್‌ನಂಥವು ಅಕ್ಷರದಿಂದ ಅಕ್ಷರಕ್ಕೆ ಗೆರೆ ಕೂಡಿಸಿಕೊಂಡು ಓಡುತ್ತವೆ. ಒಂದರ ಬಾಲ ಮುಗಿಯುವ ಎತ್ತರದಲ್ಲೇ ಮುಂದಿನದರ ಬಾಯಿ ತೆರೆಯಬೇಕು, ಅದೇ ಅಲ್ಲಿನ ಕಸರತ್ತು. 1994ರ ಕಾಮಿಕ್ ಸ್ಯಾನ್ಸ್‌ನಂಥವು ಬಿಡಿಬಿಡಿಯಾಗಿ ನಿಂತು ಕೈಯ ಸಲಿಗೆಯನ್ನಷ್ಟೇ ತೋರಿಸುತ್ತವೆ. ಕನ್ನಡದ ಕೈಬರಹ ಮೇಲುನೋಟಕ್ಕೆ ಎರಡನೆಯ ಸಾಲಿಗೆ ಸೇರಿದ್ದು, ನಮ್ಮಲ್ಲಿ ‘ಮ’ ಹೋಗಿ ‘ನೆ’ಗೆ ಅಂಟುವುದಿಲ್ಲ. ಅಂಟುವುದೆಲ್ಲ ಅಕ್ಷರದ ಒಳಗೇ: ತಲೆಕಟ್ಟು ಮೈಗೆ, ಗುಡಿಸು ತಲೆಗೆ, ಕೊಂಬು ಮಗ್ಗುಲಿಗೆ, ಒತ್ತು ಅಡಿಗೆ. ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಿಂದ ಗುರುತಿಸುವುದೂ ಈ ಕೀಲುಗಳಲ್ಲಿಯೇ. ಆದ್ದರಿಂದ ಕೆಲಸದ ಮುಕ್ಕಾಲು ಭಾಗ ಕೀಲುಗಳಿಗೆ ಮೀಸಲಿಡಿ. ಬಿಡಿ ಅಕ್ಷರವನ್ನು ಅಂಕುಡೊಂಕು ಮಾಡಿ ‘ಸಹಜ’ ಎನಿಸಲು ಹೋದ ಫಾಂಟುಗಳು ಎರಡನೇ ಸಾಲಿಗೇ ಬೇಸರ ತರಿಸುತ್ತವೆ.

ಈಗ ಲೆಕ್ಕ. ಸ್ವರ 13, ಅನುಸ್ವಾರ ವಿಸರ್ಗ 2, ವ್ಯಂಜನ 34, ಅವುಗಳ ಒತ್ತು 34, ಅರ್ಕಾವತ್ತು 1, ಕನ್ನಡ ಅಂಕಿ 10. ಗುಣಿತ ಚಿಹ್ನೆಗಳು ಮೇಲುನೋಟಕ್ಕೆ ಕಾಣುವಷ್ಟು ಸಂಖ್ಯೆಯಲ್ಲಿ ಇಲ್ಲ. ಯುನಿಕೋಡ್ (ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಕೊಡುವ ಪದ್ಧತಿ) ಪ್ರಕಾರ ‘ಕೀ’ಯ ಚಿಹ್ನೆ ಎಂದರೆ ಗುಡಿಸು ಮತ್ತು ದೀರ್ಘ. ‘ಕೇ’ ಎಂದರೆ ಎತ್ವ ಮತ್ತು ದೀರ್ಘ, ‘ಕೈ’ ಎಂದರೆ ಎತ್ವ ಮತ್ತು ಕೆಳಗಿಳಿಯುವ ಐತ್ವದ ಬಾಲ, ‘ಕೋ’ ಎಂದರೆ ಎತ್ವ, ಕೊಂಬಿನ ಇಳಿ, ದೀರ್ಘ ಮೂರೂ. ಅಕ್ಷರ ಜೋಡಿಸುವ ಎಂಜಿನ್ ಇವನ್ನು ತಾನೇ ಒಡೆದುಕೊಳ್ಳುತ್ತದೆ. ಹಾಗಾಗಿ ದೀರ್ಘಕ್ಕೂ ಐತ್ವದ ಬಾಲಕ್ಕೂ ಪ್ರತ್ಯೇಕ ಚಿತ್ರ ಇರಲೇಬೇಕು. ಇವೆರಡು ಬಿಟ್ಟುಹೋದರೆ ‘ಮೈಸೂರು’ ಬರೆಯಲೂ ಆಗದು. ಇದರ ಮೇಲೆ ಪ್ರತಿ ವ್ಯಂಜನಕ್ಕೆ ಇಳಿ, ಗುಡಿಸು, ಎತ್ವ, ಔತ್ವ, ಅರ್ಧಾಕ್ಷರ ಎಂಬ ಐದು ಕೂಡುರೂಪ (ಕಾ, ಕಿ, ಕೆ, ಕೌ, ಕ್): 34ನ್ನು 5ರಿಂದ ಗುಣಿಸಿದರೆ 170. ಕ್ಷ, ಜ್ಞ ಮತ್ತು ಅವುಗಳ ಗುಣಿತಕ್ಕೆ ಒಂದು ಡಜನ್. ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆ, ರೂಪಾಯಿ ಚಿಹ್ನೆ ಸೇರಿ 90ರ ಆಸುಪಾಸು. ಒಟ್ಟು ಸುಮಾರು 380 ಚಿತ್ರ. ಜೊತೆಗೆ ಬದಲಿ ರೂಪ 60ರಿಂದ 100 ಬೇಕಾಗುತ್ತವೆ, ಅದರ ಮಾತು ಆಮೇಲೆ.

ಅಷ್ಟನ್ನೂ ಅತ್ತಿಗೆಯಿಂದ ಚೌಕದಲ್ಲಿ ಬರೆಸಬೇಡಿ. ಚೌಕ ಕಂಡ ಕೂಡಲೇ ಕೈ ಕಾಪಿಪುಸ್ತಕಕ್ಕೆ ತಿರುಗಿ ಬಿಡುತ್ತದೆ. ಪದಗಳನ್ನು ಬರೆಸಿ, ಪ್ರತಿ ವ್ಯಂಜನ ಬೇರೆ ಬೇರೆ ಪದಗಳ ಒಳಗೆ ಕನಿಷ್ಠ ಐದು ಸಲ ಬರಲಿ. ಊರ ಹೆಸರುಗಳು ಇದಕ್ಕೆ ಒಳ್ಳೆಯ ಸರಕು: ಶ್ರೀರಂಗಪಟ್ಟಣ, ಮದ್ದೂರು, ಮಳವಳ್ಳಿ, ಪಾಂಡವಪುರ, ನಾಗಮಂಗಲ, ನಂಜನಗೂಡು, ಹುಣಸೂರು. ಮೂಲಾಕ್ಷರದ ಮೈ 20 ಮಿ.ಮೀ. ಎತ್ತರ ಬರುವಂತೆ, ಅಡಿಗೆರೆ ಒಂದನ್ನೇ ಎಳೆದ ನುಣುಪು ಹಾಳೆಯಲ್ಲಿ ಬರೆಸಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಆ ಎತ್ತರಕ್ಕೆ ಸುಮಾರು 470 ಪಿಕ್ಸೆಲ್ ಸಿಗುತ್ತದೆ, ಸಾಕು. ಫಾಂಟಿನಲ್ಲಿ ಅಕ್ಷರ ಕೂರುವ ಚೌಕವನ್ನು 1000 ಯೂನಿಟ್ ಇಟ್ಟು ಮೈಗೆ 500 ಕೊಟ್ಟರೆ ಹಾಳೆಯ 1 ಮಿ.ಮೀ. 25 ಯೂನಿಟ್ ಆಗುತ್ತದೆ. 2 ಮಿ.ಮೀ. ಸ್ಕೆಚ್ ಪೆನ್ನು 50 ಯೂನಿಟ್ ದಪ್ಪ ಕೊಡುತ್ತದೆ, ಕಾರ್ಡಿನ ಒಳಗಿನ ಸಾಲಿಗೆ ಇದು ಹೊಂದುತ್ತದೆ. ಲೇಬಲ್ಲಿಗೆ 3 ಮಿ.ಮೀ. ಮಾರ್ಕರ್ ಹಿಡಿಸಿ, 75 ಬರುತ್ತದೆ. ಜೆಲ್ ಪೆನ್ನಿನಲ್ಲಿ ಬರೆಸಿ ಕಂಪ್ಯೂಟರಿನಲ್ಲಿ ದಪ್ಪ ಮಾಡುವ ದಾರಿ ಹಿಡಿಯಬೇಡಿ: ತಿರುವುಗಳ ಒಳಬದಿ ಮುಚ್ಚಿ, ಹೊರಬದಿ ಉಬ್ಬಿ ನಿಲ್ಲುತ್ತದೆ.

ಸ್ಕ್ಯಾನನ್ನು ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಬಹುದು (ಚಿತ್ರವನ್ನು ಗೆರೆ, ಬಿಂದುಗಳಾಗಿ ಬದಲಿಸುವುದು), ಆದರೆ ಅದು ಕರಡು ಮಾತ್ರ. ಟ್ರೇಸ್ ಆದ ಒಂದು ‘ಳ’ದಲ್ಲಿ ನೂರಕ್ಕೂ ಹೆಚ್ಚು ಬಿಂದು ಇದ್ದರೆ ಆಶ್ಚರ್ಯವಿಲ್ಲ. ಅದನ್ನು ಹಿನ್ನೆಲೆಯಲ್ಲಿಟ್ಟು ಮೇಲೆ ಹೊಸ ಗೆರೆ ಎಳೆಯಿರಿ. ತಿರುವಿನ ಅತಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾತ್ರ ಬಿಂದು, ಒಟ್ಟು 20ರಿಂದ 40. ಫಾಂಟ್ ಕಟ್ಟುವ ತಂತ್ರಾಂಶ ಪುಕ್ಕಟೆ ಬೇಕೆಂದರೆ ಫಾಂಟ್‌ಫೋರ್ಜ್ ಇದೆ, ಮ್ಯಾಕ್ ಇದ್ದವರಿಗೆ ಗ್ಲಿಫ್ಸ್, ವಿಂಡೋಸ್, ಮ್ಯಾಕ್ ಎರಡರಲ್ಲೂ ಓಡುವುದು ಫಾಂಟ್‌ಲ್ಯಾಬ್. ಫಾಂಟ್‌ಫೋರ್ಜ್ ನೋಡಲು ಒರಟು, ಕೆಲಸಕ್ಕೆ ಕೊರತೆಯಿಲ್ಲ.

ತಲೆಕಟ್ಟು, ಕೊಂಬು, ಒತ್ತು

ಮೊದಲು ನಾಲ್ಕೇ ಅಕ್ಷರ ಮುಗಿಸಿ: ದ, ವ, ಲ, ಕ. ಮೊದಲೆರಡರಲ್ಲಿ ಮೈಯ ದುಂಡು ಮತ್ತು ತಲೆಕಟ್ಟು ತೀರ್ಮಾನವಾಗುತ್ತದೆ, ‘ಲ’ದಲ್ಲಿ ತಲೆಕಟ್ಟು ಇಲ್ಲದ ಅಕ್ಷರಗಳ ಬಾಯಿ, ‘ಕ’ದಲ್ಲಿ ನಡುಗೀಟಿನ ಓರೆ. ವೇಗದ ಬರಹದಲ್ಲಿ ತಲೆಕಟ್ಟು ಪುಸ್ತಕದಲ್ಲಿರುವಂತೆ ಮಟ್ಟಸವಾಗಿ ಕೂರುವುದಿಲ್ಲ. ಬಲಕ್ಕೆ 4ರಿಂದ 8 ಡಿಗ್ರಿ ಏರುತ್ತದೆ, ಕೆಲವರಲ್ಲಿ ಮೈಯಿಂದ ಬಿಟ್ಟು ತೇಲುತ್ತದೆ. ಅತ್ತಿಗೆಯ ಕೈಯಲ್ಲಿ ಯಾವುದು ಹೆಚ್ಚೋ ಅದನ್ನೇ ನಿಯಮ ಮಾಡಿಕೊಳ್ಳಿ. ತೇಲುವ ತಲೆಕಟ್ಟಾದರೆ ಮೈಗೂ ಅದಕ್ಕೂ ನಡುವಿನ ಸಂದು ಗೆರೆಯ ದಪ್ಪಕ್ಕಿಂತ ಕಡಿಮೆಯಾಗಬಾರದು, ಕಡಿಮೆಯಾದರೆ ಅಚ್ಚಿನಲ್ಲಿ ಒಂದು ಕಡೆ ಅಂಟಿ ಒಂದು ಕಡೆ ಬಿಟ್ಟು ಕೊಳೆ ಹಿಡಿದಂತೆ ಕಾಣುತ್ತದೆ.

ಸಲಿಗೆ ಎಲ್ಲಿಯವರೆಗೆ ಎಂಬುದಕ್ಕೆ ಗಡಿ ಬೇಕು. ‘ವ’ಕ್ಕೆ ಮಾಮೂಲಿ ಕೊಂಬು ಹಚ್ಚಿದರೆ ಅದು ‘ಮ’ ಆಗಿಬಿಡುತ್ತದೆ. ಅದಕ್ಕೇ ಪು, ಫು, ವು ಮೂರಕ್ಕೆ ಕೊಂಬು ಅಡಿಯಿಂದ ಹೊರಟು ಕೆಳಗಿಳಿಯುತ್ತದೆ, ಅವುಗಳ ದೀರ್ಘರೂಪಕ್ಕೂ ಹಾಗೆಯೇ. ಈ ಆರು ರೂಪಗಳನ್ನು ಬೇರೆಯಾಗಿಯೇ ಬರೆಯಿರಿ, ಇಲ್ಲದಿದ್ದರೆ ‘ಹೂವು’ ‘ಹೂಮ’ ಆಗುತ್ತದೆ. ‘ರ’ದೊಳಗೆ ಚುಕ್ಕೆ ಬಿದ್ದರೆ ‘ಠ’. ‘ಪ’ದೊಳಗೆ ಗೀಟು ಬಿದ್ದರೆ ‘ಷ’. ಇಂಥ ಜೋಡಿಗಳಲ್ಲಿ ವ್ಯತ್ಯಾಸ ತೋರಿಸುವ ಗುರುತನ್ನು ಅತ್ತಿಗೆ ಬರೆದದ್ದಕ್ಕಿಂತ ಒಂದು ಕೂದಲು ದೊಡ್ಡದು ಮಾಡಿ. ಕೈಬರಹದಲ್ಲಿ ಓದುಗ ಸಂದರ್ಭದಿಂದ ಊಹಿಸಿಕೊಳ್ಳುತ್ತಾನೆ. ಪ್ಯಾಕೆಟ್ಟಿನ ಮೇಲಿನ ಒಂಟಿ ಪದಕ್ಕೆ ಸಂದರ್ಭ ಎಲ್ಲಿಂದ ಬರಬೇಕು?

ನಿಮಗೆ ತೀರಾ ಹತ್ತಿರದ ಉದಾಹರಣೆ ‘ಶುದ್ಧ’. ನಿಮ್ಮ ಲೇಬಲ್ಲಿನಲ್ಲಿ ಆ ಪದ ಇದ್ದೇ ಇರುತ್ತದೆ. ಇಲ್ಲಿ ‘ಧ’ ಒತ್ತಾಗಿ ಕೂತಿದೆ, ಅದರ ಅಡಿಯ ಮಹಾಪ್ರಾಣದ ಗೀಟು ಇಡೀ ಪದದಲ್ಲಿ ಅತಿ ಸಣ್ಣ ಗೆರೆ. ಅದು ಶಾಯಿಯಲ್ಲಿ ಮುಚ್ಚಿದರೆ ಪದ ‘ಶುದ್ದ’ ಆಗುತ್ತದೆ, ಫಾಂಟಿನ ತಪ್ಪು ಕಾಗುಣಿತದ ತಪ್ಪಾಗಿ ಓದಿಸಿಕೊಳ್ಳುತ್ತದೆ. ಒತ್ತಿನಲ್ಲಿಯೂ ಈ ಗೀಟಿಗೆ ಕನಿಷ್ಠ 80 ಯೂನಿಟ್ ಉದ್ದ ಕೊಡಿ, ಎರಡು ಬದಿ ತಲಾ 40 ಯೂನಿಟ್ ಬಯಲು ಬಿಡಿ. ಅದಕ್ಕಾಗಿ ಒತ್ತು ಉಳಿದವುಗಳಿಗಿಂತ ತುಸು ದೊಡ್ಡದಾದರೂ ಆಗಲಿ.

ಒತ್ತುಗಳನ್ನು ಮೂಲಾಕ್ಷರ ಕುಗ್ಗಿಸಿ ಮಾಡಿಕೊಳ್ಳುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಶೇ 60ಕ್ಕೆ ಕುಗ್ಗಿಸಿದರೆ 75 ಯೂನಿಟ್ ಗೆರೆ 45 ಆಗುತ್ತದೆ, ಅಡಿಯಲ್ಲಿ ಬೇರೆ ಪೆನ್ನಿನಿಂದ ಬರೆದಂತೆ ಕಾಣುತ್ತದೆ. ಒಂದೇ ಪೆನ್ನಿನಿಂದ ಚಿಕ್ಕದಾಗಿ ಬರೆದದ್ದೇ ಬೇಕು, ಗೆರೆಯ ದಪ್ಪ ಮೂಲದ ಶೇ 85ರಿಂದ 90. ತ, ನ, ಮ, ಯ, ರ, ಲ ಇವುಗಳ ಒತ್ತಿಗಂತೂ ಮೂಲದ ಆಕಾರವೇ ಇಲ್ಲ, ಕುಗ್ಗಿಸುವ ಪ್ರಶ್ನೆ ಬರುವುದಿಲ್ಲ. ಉಳಿದವು ತಲೆಕಟ್ಟು ಕಳಚಿ ಕೂರುತ್ತವೆ. ಒತ್ತಿಗೆ ಸೊನ್ನೆ ಅಗಲ ಕೊಟ್ಟು ನೇರ ಅಡಿಗೆ ತೂರಿಸುವವರಿದ್ದಾರೆ. ಕನ್ನಡದ ಒತ್ತು ಬಲಕ್ಕೆ ಸರಿದು ಕೂರುವಂಥದ್ದು, ಅದಕ್ಕೆ ಅಗಲ ಕೊಟ್ಟು, ಎಡಬದಿಯನ್ನು 100ರಿಂದ 150 ಯೂನಿಟ್ ಮೈನಸ್ ಮಾಡಿ ಮೂಲಾಕ್ಷರದ ಕೆಳಗೆ ಜಾರಿಸಿ.

ಈ ಅಗಲವೇ ‘ಶ್ರೀ’ಯಲ್ಲಿ ಕಾಡುತ್ತದೆ. ಟೈಪ್ ಮಾಡಿದ ಕ್ರಮ ಏನೇ ಇರಲಿ, ಎಂಜಿನ್ ಜೋಡಿಸುವುದು ಹೀಗೆ: ‘ಶಿ’, ಆಮೇಲೆ ರ ಒತ್ತು, ಕೊನೆಗೆ ದೀರ್ಘ. ಗುಡಿಸಿಗೂ ದೀರ್ಘಕ್ಕೂ ನಡುವೆ ಒತ್ತು ಹೊಕ್ಕಿರುವುದರಿಂದ ಒತ್ತಿನ ಅಗಲದಷ್ಟು ದೀರ್ಘ ದೂರ ಹೋಗಿ ನಿಲ್ಲುತ್ತದೆ. ಬಿಡಿ ‘ಶೀ’ ಚೆನ್ನಾಗಿ ಕಂಡರೂ ‘ಶ್ರೀ’ ಹರಿದಂತಿರುವುದು ಇದರಿಂದಲೇ. ಒತ್ತು ಮತ್ತು ದೀರ್ಘದ ಜೋಡಿಗೆ ಕರ್ನಿಂಗ್ (ಎರಡು ಚಿತ್ರಗಳ ನಡುವಿನ ಅಂತರದ ಹೊಂದಾಣಿಕೆ) ಕೊಟ್ಟು ದೀರ್ಘವನ್ನು ಹಿಂದಕ್ಕೆ ಎಳೆಯಬೇಕು. ಎಷ್ಟು ಎಂಬುದು ಆಯಾ ಒತ್ತಿನ ಅಗಲ, 150ರಿಂದ ಆರಂಭಿಸಿ ನೋಡಿ. ದೀರ್ಘದ ಬಾಲ ಅಡಿಗೆರೆಗಿಂತ ಕೆಳಗಿಳಿದಿದ್ದರೆ ಒತ್ತಿಗೆ ತಾಗುತ್ತದೆ, ಅದನ್ನು ಮೇಲಕ್ಕೆ ಕತ್ತರಿಸಿ. ‘ಶ್ರೀ’ ಒಂದಕ್ಕೆ ಮಾತ್ರ ಈ ಜಂಜಾಟವೇ ಬೇಡ, ಇಡಿಯಾಗಿ ಒಂದೇ ಚಿತ್ರ ಬರೆದುಬಿಡಿ. ಮದುವೆ ಕಾರ್ಡಿನ ತಲೆಯಲ್ಲಿ, ಅಂಗಡಿ ಬೋರ್ಡಿನ ಆರಂಭದಲ್ಲಿ, ಪ್ರತಿ ಹೆಸರಿನ ಮುಂದೆ ಬರುವುದು ಅದೇ. ಅತ್ತಿಗೆಯಿಂದ ಅದನ್ನು ಇಪ್ಪತ್ತು ಸಲ ಬರೆಸಿ ಆಯ್ದುಕೊಂಡರೂ ದುಬಾರಿಯಲ್ಲ.

ಜೋಡಣೆಯ ನಿಯಮ

ಚಿತ್ರ ಬರೆದಾದ ಮೇಲೆ ಅವುಗಳನ್ನು ಕೂಡಿಸುವ ಓಪನ್‌ಟೈಪ್ ನಿಯಮ ಬರೆಯಬೇಕು. ನಿಮ್ಮ ಟೂಲ್ ಮಾಡದೇ ಬಿಟ್ಟದ್ದು ಇದನ್ನೇ. ನಿಯಮಗಳೆಲ್ಲ ಕೆಎನ್‌ಡಿ2 ಎಂಬ ಲಿಪಿ ಹೆಸರಿನಡಿ ಇರಬೇಕು. ಹೆಸರು ಹಾಕದೆ ಡೀಫಾಲ್ಟ್‌ನಡಿ ಬರೆದರೆ ಹಾರ್ಫ್‌ಬಜ್‌ನಂಥ ಎಂಜಿನ್ ಕನ್ನಡದ ಮರುಜೋಡಣೆಯನ್ನೇ ಮಾಡುವುದಿಲ್ಲ. ಲಿಪಿ ಹೆಸರಿನಡಿ ಒಂದೊಂದು ಬಗೆಯ ನಿಯಮಕ್ಕೆ ಒಂದೊಂದು ಸಂಕೇತನಾಮದ ಗುಂಪು ಇದೆ. ಒತ್ತಿನ ನಿಯಮ ಬಿಎಲ್‌ಡಬ್ಲ್ಯುಎಫ್‌ನಲ್ಲಿ: ಹಲಂತ (ಸ್ವರವಿಲ್ಲ ಎನ್ನುವ ಗುರುತು) ಮೊದಲು, ವ್ಯಂಜನ ಆಮೇಲೆ, ಎರಡೂ ಸೇರಿ ಒತ್ತು. ಕೆಎನ್‌ಡಿಎ ಎಂಬ ಹಳೆಯ ಹೆಸರಿನ ಪದ್ಧತಿಯಲ್ಲಿ ಈ ಕ್ರಮ ತಿರುಗುಮುರುಗು, ಅಂಥ ಪಾಠ ನೋಡಿ ನಕಲು ಮಾಡಿದವರಿಗೆ ಒತ್ತೇ ಬರುವುದಿಲ್ಲ. ಅರ್ಕಾವತ್ತು ಆರ್‌ಪಿಎಚ್‌ಎಫ್‌ನಲ್ಲಿ, ಕ್ಷ ಜ್ಞ ಎಕೆಎಚ್‌ಎನ್‌ನಲ್ಲಿ, ಗುಡಿಸು ಎತ್ವದ ಕೂಡುರೂಪ ಎಬಿವಿಎಸ್‌ನಲ್ಲಿ, ಅರ್ಧಾಕ್ಷರ ಎಚ್‌ಎಎಲ್‌ಎನ್‌ನಲ್ಲಿ.

ಅರ್ಕಾವತ್ತು ಗುಣಿತವೆಲ್ಲ ಮುಗಿದ ಮೇಲೆ ಬಂದು ಕೂರುತ್ತದೆ, ‘ಕಾರ್ಖಾನೆ’ಯಲ್ಲಿ ‘ಖಾ’ ಆದ ಬಳಿಕ. ಅವಸರದ ಕೈಯಲ್ಲಿ ಅದು ಕನ್ನಡ ಒಂಬತ್ತಿನಂತೆಯೇ ಕಾಣುವುದರಿಂದ ಅಂಕಿಗಿಂತ ಶೇ 15ರಷ್ಟು ಚಿಕ್ಕದು ಮಾಡಿ ಸ್ವಲ್ಪ ಎತ್ತರಿಸಿ. ಅರ್ಕಾವತ್ತು ಬೇಡದ ಕಡೆ, ಉದಾಹರಣೆಗೆ ‘ರ‍್ಯಾಂಕ್’ ಬರೆಯುವಾಗ, ರ ಆದ ಮೇಲೆ ಜೀರೋ ವಿಡ್ತ್ ಜಾಯಿನರ್, ಆಮೇಲೆ ಹಲಂತ. ಈ ಅದೃಶ್ಯ ಅಕ್ಷರಕ್ಕೂ ಅದರ ಜೋಡಿ ನಾನ್‌ಜಾಯಿನರ್‌ಗೂ ಫಾಂಟಿನಲ್ಲಿ ಖಾಲಿ ಚಿತ್ರ ಇಡಿ, ಮರೆತರೆ ಕೆಲವು ತಂತ್ರಾಂಶಗಳಲ್ಲಿ ಅಲ್ಲೊಂದು ಡಬ್ಬ ಮೂಡುತ್ತದೆ.

ಮೆಷಿನ್ ಬರೆದಂತೆ ಕಾಣುವುದು ಒಂದೇ ಆಕಾರ ಪಕ್ಕಪಕ್ಕದಲ್ಲಿ ಮರಳಿ ಬಂದಾಗ. ಕನ್ನಡದಲ್ಲಿ ಹೀಗೆ ಕಣ್ಣಿಗೆ ಹೊಡೆಯುವುದು ಕೊಂಬು, ಗುಡಿಸು, ಮತ್ತು ನ, ರ, ದ, ತ, ಲ, ಗ, ಕ, ಸ, ವ, ಳ. ಇವುಗಳಿಗೆ ಒಂದೊಂದು ಬದಲಿ ರೂಪ ಮಾಡಿ, ಕ್ಯಾಲ್ಟ್ ಎಂಬ ನಿಯಮದಲ್ಲಿ ಒಂದು ಬಂದ ಮೇಲೆ ಇನ್ನೊಂದು ಬರುವಂತೆ ಕಟ್ಟಿ. ಇಂಗ್ಲಿಷಿನಲ್ಲಿ ಕೇವಿಯಟ್ ಎಂಬ ಉಚಿತ ಫಾಂಟ್ ಇದನ್ನು ಹೇಗೆ ಮಾಡಿದೆ ಎಂದು ತೆರೆದು ನೋಡಬಹುದು. ಬದಲಿ ಎಂದರೆ ಬೇರೆಯದೇ ಅಕ್ಷರವಲ್ಲ. ತಲೆಕಟ್ಟಿನ ಓರೆಯಲ್ಲಿ 2 ಡಿಗ್ರಿ, ಮೈಯ ಎತ್ತರದಲ್ಲಿ 10ರಿಂದ 15 ಯೂನಿಟ್, ಬಾಲದ ಉದ್ದದಲ್ಲಿ ಅಷ್ಟೇ ಹೆಚ್ಚುಕಡಿಮೆ. ಇದಕ್ಕಿಂತ ಜಾಸ್ತಿಯಾದರೆ ಸಾಲು ಕುಣಿಯುತ್ತದೆ. ನೆನಪಿರಲಿ, ‘ನ’ಕ್ಕೆ ಬದಲಿ ಮಾಡಿದರೆ ನಾ, ನಿ, ನೆ, ನೌ, ನ್ ಇವುಗಳಿಗೂ ಮಾಡಬೇಕು, ಮೊದಲು ಹೇಳಿದ 60ರಿಂದ 100 ಬಂದದ್ದು ಹೀಗೆ. ಎಲ್ಲಕ್ಕಿಂತ ಲಾಭ ಕೊಡುವ ಬದಲಿ ಮಾತ್ರ ಒಂದೇ: ಯ ಒತ್ತು. ‘ಮಂಡ್ಯ’ದಂತೆ ಪದ ಅದರಲ್ಲೇ ಮುಗಿದಾಗ ಬಾಲವನ್ನು ಇನ್ನೊಂದು 200 ಯೂನಿಟ್ ಹರಿಯಬಿಡಿ, ‘ಮಂಡ್ಯದ’ ಎಂದು ಮುಂದುವರಿದಾಗ ಗಿಡ್ಡದ್ದೇ ಬರಲಿ. ಬರೆಯುವ ಕೈ ಪದದ ಕೊನೆಯಲ್ಲಿ ಮಾಡುವುದೂ ಅದನ್ನೇ.

ವರ್ಡ್‌ನಲ್ಲಿ ಈ ಬದಲಿ ರೂಪಗಳು ತಾವಾಗಿ ಬರುವುದಿಲ್ಲ, ಫಾಂಟ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ ಟಿಕ್ ಹಾಕಬೇಕು. ಹಾಗಾಗಿ ಮೊದಲ ರೂಪಗಳು ಬದಲಿಯ ಆಸರೆಯಿಲ್ಲದೆಯೂ ನಿಲ್ಲುವಂತಿರಲಿ.

ಎತ್ತರದ ಲೆಕ್ಕದಲ್ಲಿ ಆಸೆಬುರುಕತನ ಬೇಡ. ಅಡಿಗೆರೆಯಿಂದ ಮೇಲೆ 850, ಕೆಳಗೆ 480 ಯೂನಿಟ್ ಕೊಟ್ಟರೆ ಸಾಲಿನ ಅಂತರ ಅಕ್ಷರಗಾತ್ರದ ಶೇ 133 ಆಗುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದ ಎರಡನೇ ಒತ್ತು 450ರ ಒಳಗೆ ಮುಗಿಯಬೇಕು. ವಿಂಡೋಸ್ ಇಳಿತಕ್ಕೆ ಬೇರೆ ಅಂಕಿ ನೋಡುತ್ತದೆ, ಅದನ್ನು ಅತಿ ಆಳದ ಒತ್ತಿಗಿಂತ ಕಡಿಮೆ ಇಟ್ಟರೆ ಪರದೆಯ ಮೇಲೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ.

ಪರೀಕ್ಷೆಗೆ ವರ್ಣಮಾಲೆ ಹಾಕಿ ನೋಡಿ ಖುಷಿಪಡಬೇಡಿ. ಈ ಪದಗಳನ್ನು ಹಾಕಿ ನೋಡಿ: ಸ್ಥೈರ್ಯ (ಒತ್ತು, ಐತ್ವದ ಬಾಲ, ಅರ್ಕಾವತ್ತು ಮೂರೂ), ಸ್ತ್ರೀ, ಅರ್ಘ್ಯ, ಕ್ರೌರ್ಯ, ಕೃಷ್ಣರಾಜ, ಮೃಷ್ಟಾನ್ನ, ಯೋಗ್ಯ, ಮೊಮ್ಮಗ, ಪುಸ್ತಕ, ಜ್ಞಾನ, ಫ್ಲೆಕ್ಸ್‌ನಲ್ಲಿ. ಕೊನೆಯದರಲ್ಲಿ ಸ್ ಆದ ಮೇಲೆ ‘ನ’ ಒತ್ತಾಗದೆ ಬಿಡಿಯಾಗಿ ನಿಲ್ಲಬೇಕು. ‘ಯೋ’, ‘ಮೊ’ಗಳ ಕೊನೆ ಉಳಿದ ವ್ಯಂಜನಗಳ ಒತ್ವ ಓತ್ವದಂತಿಲ್ಲ, ಅವಕ್ಕೆ ಪ್ರತ್ಯೇಕ ರೂಪ ಬೇಕು. ಎಷ್ಟೋ ಫಾಂಟುಗಳು ಮುಗ್ಗರಿಸುವ ಜಾಗ ಇದು.

ಪ್ರೆಸ್ಸಿನಲ್ಲಿ ಒಡೆದದ್ದು ಏಕೆ

‘ಒಡೆಯಿತು’ ಎಂದಿದ್ದೀರಿ, ಹೇಗೆ ಒಡೆಯಿತು ಎಂಬುದರಲ್ಲೇ ಕಾರಣ ಇದೆ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬಂದಿದ್ದರೆ ಅವರು ಹಳೆಯ ನುಡಿ ಅಥವಾ ಶ್ರೀಲಿಪಿ ಮಾದರಿಯ ಪಠ್ಯಕ್ಕೆ ನಿಮ್ಮ ಯುನಿಕೋಡ್ ಫಾಂಟ್ ಹಾಕಿದ್ದಾರೆ. ಆ ಪಠ್ಯದಲ್ಲಿ ಕನ್ನಡ ತುಣುಕುಗಳು ಇಂಗ್ಲಿಷ್ ಕೀಲಿಗಳ ಜಾಗದಲ್ಲಿ ಕೂತಿರುತ್ತವೆ. ಪೇಜ್‌ಮೇಕರ್ ಇನ್ನೂ ಓಡಿಸುವ ಪ್ರೆಸ್ಸಾದರೆ ಯುನಿಕೋಡ್ ಅಲ್ಲಿ ಕೆಲಸವೇ ಮಾಡದು. ಅವರಿಗಾಗಿ ಹಳೆಯ ಸಂಕೇತದ ಇನ್ನೊಂದು ಫಾಂಟ್ ಮಾಡಲು ಹೋಗಬೇಡಿ. ಬೇಕಾದ ಸಾಲನ್ನು ನೀವೇ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಗೆರೆಗೆ ಪರಿವರ್ತಿಸಿ, ಪಿಡಿಎಫ್ ಕೊಟ್ಟರೆ ಮುಗಿಯಿತು. ಅಕ್ಷರ ಕನ್ನಡವೇ ಇದ್ದು ‘ಕ್ ಕ’ ಎಂದು ಹಲಂತ ಬಿಡಿಯಾಗಿ ನಿಂತಿದ್ದರೆ ಅದು ಫೋಟೋಶಾಪ್ ಅಥವಾ ಇನ್‌ಡಿಸೈನ್‌ನ ಸೆಟ್ಟಿಂಗ್: ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಆಯ್ಕೆ ಹಾಕಬೇಕು. ಸಾಲಿನ ನಡುವೆ ಒಂದೇ ಅಕ್ಷರ ಅಚ್ಚುಕಟ್ಟಾದ ಬೇರೆ ಫಾಂಟಿನಲ್ಲಿ ಬಂದಿದ್ದರೆ ತಪ್ಪು ನಿಮ್ಮದು, ಆ ಚಿತ್ರ ಫಾಂಟಿನಲ್ಲಿಲ್ಲ. ಬಹುಶಃ ದೀರ್ಘ, ಇಲ್ಲವೇ ರೂಪಾಯಿ ಚಿಹ್ನೆ.

ಬೋರ್ಡಿಗೆ ವಿನೈಲ್ ಕತ್ತರಿಸುವಾಗ ಇನ್ನೊಂದು ತೊಂದರೆ ಕಾದಿರುತ್ತದೆ. ಫಾಂಟಿನಲ್ಲಿ ಕೊಂಬು ಮೈಯ ಮೇಲೆ ಸ್ವಲ್ಪ ಏರಿ ಕೂತಿರುತ್ತದೆ. ಕಾಗದದಲ್ಲಿ ಅದು ಕಾಣುವುದಿಲ್ಲ, ಕಟರ್ ಮಾತ್ರ ಎರಡೂ ಗೆರೆಗಳನ್ನು ಅನುಸರಿಸಿ ಕೀಲಿನಲ್ಲೇ ಸೀಳುತ್ತದೆ. ಗೆರೆಗೆ ಪರಿವರ್ತಿಸಿದ ಬಳಿಕ ಕೋರೆಲ್‌ಡ್ರಾದ ವೆಲ್ಡ್ ಅಥವಾ ಇಂಕ್‌ಸ್ಕೇಪ್‌ನ ಯೂನಿಯನ್ ಒತ್ತಿ ಒಂದಾಗಿಸಿ. ಅಕ್ಷರಕ್ಕೆ ಹೊರಗೆರೆ ಬಣ್ಣ ಕೊಡುವಾಗಲೂ ಇದೇ ಮದ್ದು.

ಎಲ್ಲೆಲ್ಲಿ ಬಳಸಬಹುದು ಎಂದರೆ, ಓದುಗ ಒಂದು ಕ್ಷಣ ನಿಂತು ನೋಡುವ ಕಡೆ: ಬ್ರ್ಯಾಂಡಿನ ಹೆಸರು, ಕಾರ್ಡಿನ ತಲೆಬರಹ ಮತ್ತು ಹೆಸರುಗಳು, ಹೋಟೆಲಿನ ಮೆನು, ಕಾಮಿಕ್ಸಿನ ಮಾತು, ಪುಸ್ತಕದ ಮುಖಪುಟ. ಲಗ್ನಪತ್ರಿಕೆಯಲ್ಲಿ ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರು ಸಾದಾ ಫಾಂಟಿನಲ್ಲಿರಲಿ. ಒಂದನೇ ತರಗತಿಯ ಕಾಪಿ ಹಾಳೆಗೆ ಖಂಡಿತ ಬೇಡ, ಮಕ್ಕಳು ಅಕ್ಷರದ ಬದಲು ನಿಮ್ಮ ಅತ್ತಿಗೆಯ ಅವಸರವನ್ನು ಕಲಿಯುತ್ತಾರೆ. ಪ್ಯಾಕೆಟ್ಟಿನ ಬೆಲೆ, ತೂಕ, ತಯಾರಿಕೆಯ ದಿನಾಂಕ ಕಾನೂನಿನ ಪ್ರಕಾರ ಸ್ಪಷ್ಟವಾಗಿ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು. ಕನ್ನಡ ಅದರ ಜೊತೆಗೆ ಬರಬಹುದು, ಆದರೆ ಅಲ್ಲಿ ಕೈಬರಹದ ಫಾಂಟ್ ಹಾಕಬೇಡಿ.

ಗಾತ್ರದ ಲೆಕ್ಕ ಒತ್ತಿನಿಂದ ಹಿಡಿಯಿರಿ. ಪ್ಲಾಸ್ಟಿಕ್ ಚೀಲದ ಮೇಲಿನ ಸ್ಕ್ರೀನ್ ಪ್ರಿಂಟಿನಲ್ಲಿ 0.3 ಮಿ.ಮೀ.ಗಿಂತ ಕಿರಿದಾದ ಸಂದು ಮುಚ್ಚುತ್ತದೆ ಎಂದೇ ಇಟ್ಟುಕೊಳ್ಳಿ. ‘ಶುದ್ಧ’ದ 40 ಯೂನಿಟ್ ಬಯಲು 12 ಪಾಯಿಂಟಿನಲ್ಲಿ 0.17 ಮಿ.ಮೀ., 24 ಪಾಯಿಂಟಿನಲ್ಲಿ 0.34. ಅಂದರೆ ಚೀಲದ ಮೇಲೆ 24ಕ್ಕಿಂತ ಕಡಿಮೆ ಬೇಡ. ಆಫ್‌ಸೆಟ್ಟಿನ ಕಾರ್ಡಿನಲ್ಲಿ 14ಕ್ಕೂ ನಿಭಾಯಿಸಬಹುದು. ಬೋರ್ಡಿನಲ್ಲಿ 10 ಅಡಿ ದೂರಕ್ಕೆ 1 ಇಂಚು ಎಂಬ ರೂಢಿಯ ಲೆಕ್ಕವಿದೆ. 40 ಅಡಿ ದೂರದಿಂದ ಓದಬೇಕಾದರೆ 4 ಇಂಚು. ಆ 4 ಇಂಚನ್ನು ಒತ್ತಿಗೆ ಕೊಡಿ. ಒತ್ತು ಮೈಯ ಶೇ 60 ಇದ್ದರೆ ಮೈ ಹತ್ತಿರ ಹತ್ತಿರ 7 ಇಂಚು ಬರುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ ಅಷ್ಟು ಜಾಗ ಸಿಗುವುದೂ ಕಷ್ಟವಲ್ಲ. ಇಂಗ್ಲಿಷ್ ಸಾಲನ್ನೂ ಅದೇ ಪೆನ್ನಿನಲ್ಲಿ ಬರೆಸಿ, ಅದರ ಸಣ್ಣಕ್ಷರಗಳ ಎತ್ತರ ಕನ್ನಡದ ಮೈಗಿಂತ ತುಸು ಕಡಿಮೆ ಇಟ್ಟರೆ ಪಕ್ಕಪಕ್ಕ ಸಮನಾಗಿ ಕಾಣುತ್ತದೆ.

ಶುರು ಮಾಡುವ ಮೊದಲು ಹುಬ್ಬಳ್ಳಿ ಮತ್ತು ಬಾಲೂ ತಮ್ಮ ಎಂಬ ಎರಡು ಉಚಿತ ಫಾಂಟ್ ಇಳಿಸಿಕೊಂಡು ಎಡಿಟರಿನಲ್ಲಿ ತೆರೆಯಿರಿ. ಮೊದಲನೆಯದು ಎರಿನ್ ಮೆಕ್‌ಲಾಫ್ಲಿನ್ ಅವರದು, ಗೆರೆ ಒಂದೇ ದಪ್ಪ, ನಿಮ್ಮ ಸ್ಕೆಚ್ ಪೆನ್ನಿಗೆ ಹತ್ತಿರ. ಎರಡನೆಯದು ಏಕ್ ಟೈಪ್ ತಂಡದ್ದು, ದಪ್ಪ ಗೆರೆಯಲ್ಲಿ ಒತ್ತು ಹೇಗೆ ಉಸಿರಾಡುತ್ತದೆ ಎಂದು ತಿಳಿಯಲು. ಎರಡೂ ಓಪನ್ ಫಾಂಟ್ ಲೈಸೆನ್ಸಿನವು. ನಿಯಮಗಳನ್ನು ನೋಡಿ ಕಲಿಯಲು ಅಡ್ಡಿಯಿಲ್ಲ, ಆದರೆ ಅವುಗಳ ಒಂದು ಚಿತ್ರವನ್ನೋ ನಿಯಮದ ಫೈಲನ್ನೋ ಎತ್ತಿಕೊಂಡು ಹಂಚಿದರೆ ನಿಮ್ಮ ಫಾಂಟೂ ಅದೇ ಲೈಸೆನ್ಸಿಗೆ ಬೀಳುತ್ತದೆ, ಅದಕ್ಕೆ ಕಾಯ್ದಿಟ್ಟ ಹೆಸರಿದ್ದರೆ ಅದನ್ನು ನೀವು ಬಳಸುವಂತಿಲ್ಲ. ಬ್ರ್ಯಾಂಡಿನ ಗುರುತಾಗಿ ನಿಮ್ಮಲ್ಲೇ ಇರಬೇಕೆಂದರೆ ಇಂಗ್ಲಿಷ್ ಸಮೇತ ಎಲ್ಲವನ್ನೂ ಅತ್ತಿಗೆಯ ಕೈಯಿಂದಲೇ ಬರೆಸಿ, ಅವರಿಂದ ಯಾವ ಬಳಕೆಗೆ, ಯಾರ ಹೆಸರಿನಲ್ಲಿ ಎಂದು ಒಂದು ಪುಟದ ಒಪ್ಪಿಗೆ ಬರೆಸಿಟ್ಟುಕೊಳ್ಳಿ.